ತೆರೆಯದ ಬಾಗಿಲ ದಳಪತಿ

ಕನ್ನಡಕದಂಗಡಿಯ ಯಜಮಾನನಿಗೆ ದಳಪತಿ ಎಂಬ ಹೆಸರು ಬಂದದ್ದು ಕಂಪ್ಯೂಟರಿನ ಒಂದು ಆಟದಿಂದ; ಅದರಲ್ಲಿ ಆಡುವವನೇ ದಳಪತಿ, ಐದು ಭಾಗಗಳ ಉದ್ದಕ್ಕೂ ಜತೆಗಾರರನ್ನು ಕಟ್ಟಿಕೊಂಡು ಕೋಟೆಯಿಂದ ಕೋಟೆಗೆ ಅಲೆಯುತ್ತಾನೆ. ಕೊನೆಯ ಭಾಗದಲ್ಲಿ ಕೊನೆಯ ಬಾಗಿಲು ತೆರೆದೊಡನೆ ಜತೆಗಾರರೆಲ್ಲ ಸಾಯುತ್ತಾರೆಂಬ ಸುದ್ದಿ ಹಬ್ಬಿದಂದಿನಿಂದ ಅಂಗಡಿಯೇ ರಣರಂಗ. ಗಿರಾಕಿಯ ಮೂಗಿನ ಮೇಲೆ ಗಾಜು ಏರಿಸಿ, "ಈಗ ಸರಿಯಾಗಿ ಕಾಣುತ್ತಾ? ನಮ್ಮ ಬಿಲ್ಲುಗಾತೀನ ಸಾಯಿಸಿಬಿಟ್ರಲ್ಲ ಸಾರ್, ಇದು ನ್ಯಾಯವಾ?" ಎನ್ನುತ್ತಾನೆ. ಗಿರಾಕಿ ತಬ್ಬಿಬ್ಬಾಗಿ, "ಅಯ್ಯೋ ಪಾಪ, ಎಷ್ಟು ವಯಸ್ಸಾಗಿತ್ತು?" ಎಂದರೆ ತಿದ್ದಲು ಹೋಗುವುದಿಲ್ಲ, ಸಂತಾಪವನ್ನು ಗಂಭೀರವಾಗಿ ಸ್ವೀಕರಿಸುತ್ತಾನೆ. ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲೂ ಅವನದೇ ಕಹಳೆ: ಕೊನೆ ಬದಲಾಗಬೇಕು, ಬರೆದವರು ಕ್ಷಮೆ ಕೇಳಬೇಕು, ಮೆಚ್ಚಿದವರು ಗುಂಪು ಬಿಡಬೇಕು. "ಕೊನೆ ಚೆನ್ನಾಗಿದೆ, ನಾನು ಅತ್ತುಬಿಟ್ಟೆ" ಎಂದಷ್ಟೇ ಬರೆದ ಒಬ್ಬ ಹುಡುಗಿಯನ್ನು ಮೊನ್ನೆ ದ್ರೋಹಿ ಎಂದು ಬೈದು ಹೊರಗೆ ಹಾಕಿದ. ಆ ಪರಾಕ್ರಮವನ್ನು ಊಟದ ಹೊತ್ತಿಗೆ ವರ್ಣಿಸುತ್ತಿದ್ದಾಗ ಹೆಂಡತಿ ಕೇಳಿದಳು: "ಅಲ್ಲ ರೀ, ನಿಮ್ಮ ಜನ ಆ ಕೊನೇ ಬಾಗಿಲ ಮುಂದೆ ತಿಂಗಳಿಂದ ನಿಂತೇ ಇದ್ದಾರೆ. ಯಾವಾಗ ಸತ್ರು?" ದಳಪತಿ ತುತ್ತನ್ನು ತಟ್ಟೆಗೇ ಇಳಿಸಿದ. ನಿಜ, ಅವನು ಆ ಬಾಗಿಲು ತೆರೆದೇ ಇರಲಿಲ್ಲ. ದಿನವೂ ಅಲ್ಲಿಗೆ ಹೋಗಿ, ಹೇಳಿದ್ದನ್ನೇ ಹೇಳುವ ಜತೆಗಾರರನ್ನು ಒಬ್ಬೊಬ್ಬರಾಗಿ ಮಾತಾಡಿಸಿ ಬರುತ್ತಿದ್ದ. "ತೆಗೆದ್ರೆ ಹೋಗ್ಬಿಡ್ತಾರೆ ಕಣೇ," ಎಂದ. "ಹಾಗಾದ್ರೆ ಆ ಹುಡುಗಿಗೆ ಯಾಕ್ರೀ ಬೈದಿದ್ದು?" ಅವನ ಕಿವಿಯ ತುದಿಗಳು ಕೆಂಪಾದವು. "ಅವಳು ತೆಗೆದು ನೋಡಿದ್ಲಲ್ಲ," ಎಂದ, ತಟ್ಟೆಯಿಂದ ಮುಖ ಎತ್ತದೆ.