ಮಳೆಗೆಂದೇ ಕಟ್ಟಿದ ಗೋಡೆ

ದಪ್ಪ ಹನಿ ಬೀಳುತ್ತಿದ್ದಂತೆ ಯಲ್ಲಮ್ಮ ಓಡಿಬಂದು ನಮ್ಮ ಮಣ್ಣಿನ ಗೋಡೆಗೆ ನೀಲಿ ಟಾರ್ಪಾಲು ಹೊದಿಸಿದರು. ಪಕ್ಕದಲ್ಲಿ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಕೂಲಿ ಕೆಲಸ ಮಾಡಲು ರಾಯಚೂರು ಕಡೆಯಿಂದ ಬಂದವರು ಅವರು. ನಾವು ಐವರು ಕಲಾವಿದರು ಸರ್ಜಾಪುರದ ಹಳೇ ಶೆಡ್ಡಿನಲ್ಲಿ ಒಂದು ತಿಂಗಳು ಒಟ್ಟಿಗಿದ್ದು ಅದರ ಅಂಗಳದಲ್ಲಿ ಆ ಗೋಡೆ ಕಟ್ಟಿದ್ದೆವು. ಮಳೆ ಅದನ್ನು ಹೇಗೆ ಕರಗಿಸುತ್ತದೆಂದು ನೋಡುವುದೇ ನಮ್ಮ ಕಲಾಕೃತಿಯಾಗಿತ್ತು.

“ಇಷ್ಟು ಕಷ್ಟಪಟ್ಟು ಕಟ್ಟೀರಿ, ಕರಗಿ ಹೋಗ್ತದಲ್ರಿ ಅಕ್ಕಾ!” ಎಂದರು.

ಟಾರ್ಪಾಲು ಎಲ್ಲಿಯದೆಂದು ಕೇಳಿದೆ.

“ನಮ್ಮ ಜೋಪಡಿ ಮ್ಯಾಲಿಂದು ಬಿಚ್ಚಿ ತಂದೀನ್ರಿ.”

ನಾವು ಐವರೂ ಅದನ್ನು ಗೋಡೆಯಿಂದ ತೆಗೆದು ಹೊತ್ತು ಓಡಿ, ನೆನೆಯುತ್ತಲೇ ಅವರ ಸೂರಿಗೆ ಬಿಗಿದು ಕಟ್ಟಿದೆವು. ಒಳಗೆ ಹಾಸಿಗೆ ಆಗಲೇ ಒದ್ದೆಯಾಗಿತ್ತು.

ಗೋಡೆ ಕರಗಿದ್ದನ್ನು ನಮ್ಮಲ್ಲಿ ಯಾರೂ ನೋಡಲಿಲ್ಲ. ಅದನ್ನು ಕರಗಲೆಂದೇ ಕಟ್ಟಿದ್ದೆವೆಂದು ಯಲ್ಲಮ್ಮನಿಗೆ ಹೇಳುವ ಧೈರ್ಯ ಮಾತ್ರ ಅಲ್ಲಿಂದ ಹೊರಡುವ ದಿನದವರೆಗೂ ನನಗೆ ಬರಲಿಲ್ಲ.