ಹೌದ್ರಿ, ಇಬ್ರೂ ಕೂಡಿ ಕಟ್ಟೇವ್ರಿ

ನನ್ನ ಸೋದರಮಾವ ಭರಮಪ್ಪನನ್ನು ಗಾಂಜಾ ಕಳ್ಳಸಾಗಣೆಯ ಖಟ್ಲೆಯಲ್ಲಿ ಸಿಕ್ಕಿಸಿದವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಅರ್ಧ ಓದಿದ ಮೇಲೆ ನೀವೇ ಕಂಡುಹಿಡಿದು, ನಮ್ಮ ಮನೆಯವರೆಲ್ಲ ನೋಡುವಂತೆ ನನ್ನನ್ನು ನೋಡುತ್ತೀರಿ. ಆ ನೋಟ ನನಗೆ ಮನೆಯಲ್ಲೇ ಬೇಕಾದಷ್ಟು ಸಿಗುತ್ತದೆ.

ಇವತ್ತು ಅದು ನೆನಪಾದದ್ದು ತೊಡೆಯ ಮೇಲಿನ ಗಂಟಿನಿಂದ. ಗಡಹಿಂಗ್ಲಜದಿಂದ ಇಚಲಕರಂಜಿಗೆ ಹೋಗುವ ಮೋಟಾರಿನಲ್ಲಿ ಕುಳಿತಿದ್ದೇನೆ. ಗಂಟಿನಲ್ಲಿ ಆ ಮಾವನ ಹೆಂಡತಿ, ನನ್ನ ಅತ್ತೆ, ನೆರಳಿನಲ್ಲಿ ಒಣಗಿಸಿದ ಪುಂಡಿ ಸೊಪ್ಪು ಇದೆ. ಅರಿವೆಯೊಳಗಿಂದ ಆ ಹುಳಿ ವಾಸನೆ ಮೆಲ್ಲಗೆ ಏಳುತ್ತಿದೆ. ನಿಪ್ಪಾಣಿ ದಾಟಿ ಹಳೆಯ ಸುಂಕದ ನಾಕಾ ಇದ್ದ ಜಾಗ ಬಂತು. ಕೊಲ್ಹಾಪುರ ಸಂಸ್ಥಾನ ಹೋಯಿತು, ನಾಕಾ ಹೋಯಿತು, ರಸ್ತೆಗೆ ಅಡ್ಡ ಹಾಕುತ್ತಿದ್ದ ಬೊಂಬನ್ನು ಯಾರೋ ದನದ ಕೊಟ್ಟಿಗೆಗೆ ಒಯ್ದರಂತೆ. ಮೋಟಾರು ನಿಲ್ಲಲೂ ಇಲ್ಲ. ಆದರೂ ನನ್ನ ಎರಡೂ ಕೈ ತಾವಾಗಿಯೇ ಗಂಟನ್ನು ಅವಚಿಕೊಂಡವು. ಪಕ್ಕದಲ್ಲಿದ್ದವರು, "ಏನ್ರೀ, ಬಂಗಾರ ಐತೇನು ಅದರಾಗ?" ಎಂದರು. "ಪುಂಡಿ ಪಲ್ಲೆ ಐತ್ರೀ" ಎಂದೆ. ನಿಜವನ್ನೇ ಹೇಳಿದೆ. ಅಷ್ಟು ಬುದ್ಧಿ ಬಂದಿದೆ.

ಮಾವನನ್ನು ನೀವು ನೋಡಿರಬೇಕಿತ್ತು. ನೀರನ್ನು ಎರಡು ಸಲ ಸೋಸಿ ಕುಡಿಯುವವ. ಉಳ್ಳಾಗಡ್ಡಿ ಮುಟ್ಟದವ. ಹೊತ್ತು ಮುಳುಗಿದ ಮೇಲೆ ಬಾಯಿಗೆ ಒಂದು ಕಾಳೂ ಹಾಕದವ. ಚಹಾ ಕುಡಿದರೆ ತಲೆ ತಿರುಗುತ್ತದೆ ಎಂದು ಬೀಗರ ಮನೆಯಲ್ಲಿ ಕಪ್ಪಿನ ಚಹಾವನ್ನು ಬಸಿಗೆ, ಬಸಿಯ ಚಹಾವನ್ನು ಕಪ್ಪಿಗೆ ಸುರಿಯುತ್ತ ಕೂತು, ಆರಿದ ಮೇಲೆ ಎಮ್ಮೆಯ ಕಲಗಚ್ಚಿನ ಬಾನಿಗೆ ಚೆಲ್ಲಿ ಬರುತ್ತಿದ್ದ. ಹುಟ್ಟಿದಾಗಿನಿಂದ ಒಂದು ಚೇಷ್ಟೆಯ ಮಾತು ಆಡಿದವನಲ್ಲ. ಆಡಿದ್ದು ಒಂದೇ ಸಲ, ಅದೂ ನನ್ನ ಸಹವಾಸದಿಂದ.

ನನಗಿದ್ದ ರೋಗ ಅಣಕ. ಊರಿನ ಮಾಸ್ತರರು, ಪೋಸ್ಟಿನವರು, ಹಲ್ಲಿಲ್ಲದ ಗೌಡರು, ಎಲ್ಲರ ದನಿಗಳೂ ನನ್ನ ಗಂಟಲಿನಲ್ಲಿ ಬಾಡಿಗೆ ಇಲ್ಲದೆ ವಾಸವಾಗಿದ್ದವು. ಮ್ಯಾಟ್ರಿಕ್ಕಿನಲ್ಲಿ ಎರಡು ಸಲ ನಪಾಸಾದ ಸುದ್ದಿಯನ್ನು ಕೂಡ ನಾನು ಅಪ್ಪನಿಗೆ ತಿಳಿಸಿದ್ದು ಹೆಡ್‌ಮಾಸ್ತರರ ದನಿಯಲ್ಲಿ. ಹೊಡೆತ ಮಾತ್ರ ನನ್ನ ಬೆನ್ನಿಗೇ ಬಿತ್ತು.

ಯುದ್ಧದ ಕಾಲ ಅದು. ಪೆಟ್ರೋಲಿಲ್ಲದೆ ಮೋಟಾರುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡಾಡುತ್ತಿದ್ದವು. ಮಾವನ ಒಬ್ಬಳೇ ಮಗಳು ಪದ್ಮಕ್ಕನನ್ನು ಇಚಲಕರಂಜಿಯ ನೇಕಾರಿಕೆಯ ಮನೆಗೆ ಕೊಟ್ಟಿತ್ತು. ಚೊಚ್ಚಲು ಬಸುರಿ, ಐದು ತಿಂಗಳು. ಬಯಕೆ ಏನು ಎಂದು ಕೇಳಿದರೆ ಸೀರೆಯಲ್ಲ, ಪೇಢೆಯಲ್ಲ, ತವರ ಹಿತ್ತಲಿನ ಪುಂಡಿ ಪಲ್ಲೆ. ಹಸಿಯಾಗಿ ಒಯ್ದರೆ ಇದ್ದಿಲ ಮೋಟಾರು ಮುಟ್ಟುವಷ್ಟರಲ್ಲಿ ಬಾಡಿಹೋದೀತೆಂದು ಅತ್ತೆ ಒಣಗಿಸಿ ಕೊಟ್ಟಳು. ನಾನು ಧೋತರದ ತುಂಡಿನ ನಾಲ್ಕು ತುದಿ ಹಿಡಿದೆ, ಮಾವ ಬಿಗಿಯಾಗಿ ಕಟ್ಟಿದ. ನಾನು ಹಿಡಿದೆ, ಮಾವ ಕಟ್ಟಿದ. ಇದನ್ನು ದಯವಿಟ್ಟು ನೆನಪಿಡಿ.

ನಾಕಾದಲ್ಲಿ ಮೋಟಾರು ನಿಂತಿತು. ಅಲ್ಲಿಗೆ ಹೊಸದಾಗಿ ಬದಲಿಯಾಗಿ ಬಂದ ಅಬಕಾರಿ ಸಾಹೇಬರಿಗೆ ಮೂಗಿನಿಂದ ಮಾತಾಡುವ ಅಭ್ಯಾಸ. ಹಿಂದಿನ ವಾರವಷ್ಟೇ ಆ ದನಿಯನ್ನು ಕೇಳಿ ತಂದು, ಮನೆಯಲ್ಲಿ ತಿದ್ದಿ ತೀಡಿ ತಯಾರು ಮಾಡಿಟ್ಟುಕೊಂಡಿದ್ದೆ. ತಡೆಯಲಾಗಲಿಲ್ಲ. ಮೂಗು ಹಿಡಿದುಕೊಂಡು ಮಾವನಿಗೆ ಕೇಳಿದೆ: "ಗಾಠೋಡ್ಯಾತ ಕಾಯ ಆಹೆ? ಅಫೂ ಕೀ ಗಾಂಜಾ?" ಗಂಟಿನಲ್ಲೇನಿದೆ, ಅಫೀಮೋ ಗಾಂಜಾವೋ ಎಂದು.

ಮೋಟಾರು ಪೂರ್ತಿ ನಕ್ಕಿತು. ಆ ನಗೆಯ ಅಲೆಯಲ್ಲಿ ಮಾವನಿಗೂ ಏನಾಯಿತೋ, ಎದ್ದು ಕೈ ಮುಗಿದು, "ಗಾಂಜಾ ಐತ್ರೀ ಸಾಹೇಬ್ರ, ಎರಡು ಶೇರು!" ಎಂದುಬಿಟ್ಟ. ಜೀವಮಾನದ ಮೊದಲ ಚೇಷ್ಟೆ. ಮಾವನ ಮುಖ ಹಿಗ್ಗಿ ಅರಳಿತು. ಅದು ಅರಳಿದ್ದನ್ನು ನೋಡುತ್ತಿದ್ದ ನನಗೆ ಆಮೇಲೆ ಕಂಡದ್ದು, ಮಾವನ ಹಿಂದೆ ಕಿಟಕಿಯಲ್ಲಿ ನಿಂತಿದ್ದ ನಿಜವಾದ ಸಾಹೇಬರ ಮುಖ. ಅದು ಅರಳಿರಲಿಲ್ಲ.

ಗಂಟು ಬಿಚ್ಚಿಸಿದರು. ಪುಂಡಿ ಎಲೆಯನ್ನು ನೀವು ನೋಡಿದ್ದೀರಲ್ಲ? ಬೆರಳು ಬೆರಳಾಗಿ, ಅಂಚಿಗೆ ಗರಗಸ. ಗಾಂಜಾದ ಎಲೆಯೂ ದೂರದ ಸಂಬಂಧಿಯಂತೆ ಹಾಗೇ ಇರುತ್ತದೆ. ಪಲ್ಲೆಯನ್ನು ಬೆಂದು ತಟ್ಟೆಗೆ ಬಂದ ಮೇಲಷ್ಟೇ ಕಂಡವರು ಆ ಸಾಹೇಬರು. ಊರಕಡೆಯ ಹವಾಲ್ದಾರ ಮೂಸಿ, "ಪುಂಡೀನ ಇದ್ದಂಗ ಕಾಣತೈತ್ರೀ" ಎಂದ. "ನಿನ್ನ ಕೇಳಿದ್ನ್ಯಾ?" ಎಂಬರ್ಥದ ಮರಾಠಿ ಬಂತು. ಹವಾಲ್ದಾರನಿಗೆ ಅದು ಕೂಡಲೆ ಗಾಂಜಾ ಆಗಿ ಕಾಣಿಸಿತು.

ಹಾಗೆ ನೋಡಿದರೆ ಗಾಂಜಾ ಮಾರಲು ಸರಕಾರದ ಪರವಾನಗಿಯ ಅಂಗಡಿಯೇ ಇತ್ತು. ಸೇದುವುದು ತಪ್ಪಲ್ಲ, ಸುಂಕ ಕೊಡದೆ ಗಡಿ ದಾಟಿಸುವುದು ತಪ್ಪು. ಒಬ್ಬನೇ ದಾಟಿಸಿದರೆ ಕಳ್ಳಸಾಗಣೆ, ಇಬ್ಬರು ಸಂಚು ಮಾಡಿ ದಾಟಿಸಿದರೆ ಅದರ ಮೇಲೆ ಇನ್ನೊಂದು ದೊಡ್ಡ ಆರೋಪ. ಸಂಚಿಗೆ ಕಚೇರಿಯ ಮರಾಠಿಯಲ್ಲಿ 'ಕಟ' ಎನ್ನುತ್ತಾರೆ. ಮಾವನಿಗೆ ಬರುತ್ತಿದ್ದದ್ದು ಸಂತೆಯ ಮರಾಠಿ. ಎತ್ತು ಕೊಳ್ಳುವಷ್ಟು, ಮೆಣಸಿನಕಾಯಿ ಮಾರುವಷ್ಟು.

"ತುಮ್ಹೀ ದೋಘಾಂನೀ ಕಟ ಕೇಲಾ ಕಾ?" ಎಂದು ಸಾಹೇಬರು ಕೇಳಿದರು. ನೀವಿಬ್ಬರೂ ಸಂಚು ಮಾಡಿದಿರಾ ಎಂದು.

ಮಾವ ಪ್ರಾಮಾಣಿಕ ಮನುಷ್ಯ. "ಹೌದ್ರಿ, ಇಬ್ರೂ ಕೂಡಿ ಕಟ್ಟೇವ್ರಿ. ಭಾಳ ಬಿಗೀನ ಕಟ್ಟೇವಿ" ಎಂದ.

ಬರೆದುಕೊಂಡರು. ಹೋಯ, ದೋಘಾಂನೀ ಮಿಳೂನ. ಹೌದು, ಇಬ್ಬರೂ ಕೂಡಿ ಎಂದು. ಕೆಳಗೆ ಮಾವ ಸಹಿ ಮಾಡಿದ. ಓದಲು ಬಾರದ ಮರಾಠಿಯ ಮೋಡಿ ಲಿಪಿಯ ಅಕ್ಷರದ ಕೆಳಗೆ, ಓದಲು ಬಾರದ ಇನ್ನೊಂದು ಸಹಿ. ನಾನು ಆರೋಪಿ ನಂಬರು ಎರಡು. ಯಾವ ಪರೀಕ್ಷೆಯಲ್ಲೂ ಅಷ್ಟು ಮೇಲಿನ ನಂಬರು ನನಗೆ ಬಂದಿರಲಿಲ್ಲ.

ಆ ಸಂಜೆ ಕೋಣೆಯಲ್ಲಿ ಕೂಡಿಹಾಕಿದಾಗ ಮಾವ ಕೇಳಿದ್ದು ಒಂದೇ: "ಹವಾಲ್ದಾರ್ರ, ಹೊತ್ತು ಎಷ್ಟು ಉಳದೈತ್ರೀ?" ಹವಾಲ್ದಾರ ಓಡಿಹೋಗಿ, ಸೂರ್ಯ ಕೆಂಪಾಗುವ ಮೊದಲು ಎರಡು ಬಾಳೆಹಣ್ಣು ತಂದುಕೊಟ್ಟ. ತಿನ್ನುತ್ತ ಮಾವ ನನ್ನ ಕಡೆ ತಿರುಗಿ, "ತಮ್ಮಾ, ಚೇಷ್ಟೆ ಮಾಡಿದ್ರ ಹಿಂಗ ಆಕ್ಕೈತೇನು?" ಎಂದ. ಬೈದಿದ್ದರೆ ಅದನ್ನೂ ಅಣಕಿಸಿ ನಗಬಹುದಿತ್ತು. ಮಾವ ಕೇಳಿದ್ದು ತಿಳಿದುಕೊಳ್ಳಲಿಕ್ಕೆ.

ಜಾಮೀನಿನ ಮೇಲೆ ಊರಿಗೆ ಬಂದೆವು. ಅತ್ತೆ ಅಕ್ಕವ್ವ ಬಾಗಿಲಲ್ಲೇ ನಿಂತಿದ್ದಳು. "ಏಳನೇ ತಿಂಗಳಿಗೆ ಪದ್ಮೀನ ಕರಕೊಂಡು ಬರಾಕ ಅಪ್ಪ ಹೋಗಬೇಕು. ಅಪ್ಪ ಜೇಲಿನಾಗಿದ್ರ ಬೀಗರ ಮುಂದ ನಾ ಏನ್ ಹೇಳ್ಲಿ? ಗಾಂಜಾ ಮಾರಾಕ ಹೋಗ್ಯಾನ ಅನ್ಲ್ಯಾ?" ಅಂದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀ ಮೂಕ ಆಗಿ ಹುಟ್ಟಿದ್ರ ಎಷ್ಟು ಛಲೋ ಇತ್ತು" ಎಂದಳು.

ನಮ್ಮ ವಕೀಲರು ಮುದುಕರು, ಊರವರು, ಖಟ್ಲೆಗೆ ಕೊಲ್ಹಾಪುರದ ಕೋರ್ಟಿಗೆ ಬರುತ್ತಿದ್ದರು. ನಾಕಾದಲ್ಲಿ ಬರೆದುಕೊಂಡ ಜಬಾಬಿನ ನಕಲು ಓದುತ್ತ ಅವರ ಹುಬ್ಬು ಗಂಟಿಕ್ಕಿತು. "ಭರಮಪ್ಪಾ, ಕಟ ಮಾಡೇವಿ ಅಂತ ಒಪ್ಪಿಯಲ್ಲೋ! ಏನ್ ಅಂತ ಒಪ್ಪಿದಿ?"

"ಕಟ್ಟಿದ್ದ ಖರೇ ಐತಲ್ರೀ. ಇಂವಾ ಅರಿವಿ ಹಿಡದಾ, ನಾ ಕಟ್ಟಿದೆ."

ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಒಂದು ತಾಸು ನಮಗೆ ಕಾಯಿದೆ ಹೇಳಿದರು. ತಪ್ಪು ಮಾಡೋಣ ಎಂದು ಇಬ್ಬರೂ ಮನಸಾರೆ ಒಪ್ಪಿಕೊಂಡರೆ ಮಾತ್ರ ಅದು ಕಟ. ಒಂದೇ ಮೋಟಾರಿನಲ್ಲಿ ಕುಳಿತದ್ದು, ಒಂದೇ ಮಾತಿಗೆ ನಕ್ಕದ್ದು ಕಟವಲ್ಲ. ಗಂಟಿನಲ್ಲಿದ್ದದ್ದು ಗಾಂಜಾ ಎಂದು ತೋರಿಸಬೇಕಾದವರು ಅವರು, ಅಲ್ಲ ಎಂದು ತೋರಿಸಬೇಕಾದವರು ನಾವಲ್ಲ. ತಿಳಿಯದ ಕಾಗದಕ್ಕೆ ಇನ್ನು ಮುಂದೆ ಸತ್ತರೂ ಸಹಿ ಹಾಕಬಾರದು. ಕೊನೆಗೆ ನನಗೆ ಬೇರೆ ಅಪ್ಪಣೆ: "ಕೋರ್ಟಿನಾಗ ನಿನ್ನ ಸ್ವಂತ ದನೀಲೆ ಮಾತಾಡಬೇಕು, ತಿಳೀತೋ?"

ರಾತ್ರಿ ಹಾಸಿಗೆಯಲ್ಲಿ ಹುಡುಕಿದೆ. ಎಲ್ಲರ ದನಿಯೂ ಸಿಕ್ಕಿತು, ನನ್ನದು ಸಿಗಲಿಲ್ಲ.

ಕೋರ್ಟಿನಲ್ಲಿ ವಕೀಲರು ಮೊದಲು ಮಾವನನ್ನೇ ನಿಲ್ಲಿಸಿ, 'ಕಟ' ಅಂದರೆ ನೀನು ಏನೆಂದು ತಿಳಿದುಕೊಂಡಿದ್ದಿ, ತೋರಿಸು ಎಂದರು. ಮಾವ ಹೆಗಲ ಮೇಲಿನ ವಸ್ತ್ರ ತೆಗೆದು, ಕಟಕಟೆಯ ಮೇಲೆ ಹಾಸಿ, ನಾಲ್ಕು ತುದಿ ಕೂಡಿಸಿ ಗಂಟು ಹಾಕಿ, "ಹಿಂಗ್ರೀ" ಎಂದ. ಬಿಚ್ಚಲು ಮಾತ್ರ ಆಗಲಿಲ್ಲ. ಭಾಳ ಬಿಗಿಯಾಗಿ ಕಟ್ಟಿದ್ದ.

ಆದರೆ ಸಾಹೇಬರು ಸೋಲಲಿಲ್ಲ. 'ಗಾಂಜಾ ಎರಡು ಶೇರು' ಎಂದದ್ದನ್ನು ತಾವೇ ಕಿವಿಯಾರೆ ಕೇಳಿದ್ದಾಗಿ ಹೇಳಿದರು. ನನ್ನ ಸರದಿ ಬಂತು. ಬಾಯಿ ತೆರೆದರೆ ಮೊದಲು ವಕೀಲರ ದನಿ ಬಂತು. ಕೆಮ್ಮಿದೆ, ಶಿರಸ್ತೇದಾರರದು ಬಂತು. ಮೂರನೆಯ ಸಲಕ್ಕೆ ಸಣ್ಣದೊಂದು, ನಡುಗುವ, ನಾನೇ ಗುರುತಿಸದ ದನಿ ಬಂತು: "ತಪ್ಪು ನಂದ್ರೀ. ಸಾಹೇಬ್ರ ದನಿ ತಗದು ನಾನ ಕೇಳಿದೆ. ಮಾವ ನನ್ನ ಸಲುವಾಗಿ ಚೇಷ್ಟೆ ಮಾಡಿದ." ನನ್ನ ದನಿ ಅಷ್ಟು ಕೆಟ್ಟದಾಗಿರುತ್ತದೆಂದು ಗೊತ್ತಿರಲಿಲ್ಲ. "ನನ್ನ ದನಿ ಯಾರಿಗೂ ತೆಗೆಯಲಾಗದು" ಎಂದು ಸಾಹೇಬರು ಗುಡುಗಿದರು. ನ್ಯಾಯಾಧೀಶರು ತುಸು ಮುಂದಕ್ಕೆ ಬಾಗಿ, "ಹೇಗೆ ತೆಗೆದೆ, ತೆಗಿ ನೋಡೋಣ" ಎಂದರು. ತೆಗೆದೆ. ಹೊರಗೆ ಪಡಸಾಲೆಯಲ್ಲಿ ತೂಕಡಿಸುತ್ತಿದ್ದ ನಾಕಾದ ಸಿಪಾಯಿ, "ಜೀ ಸಾಹೇಬ!" ಎಂದು ಓಡಿಬಂದು ನನಗೆ ಸಲಾಮು ಹೊಡೆದ.

ಉಳಿದದ್ದು ಮೊಹರು ಹಾಕಿದ ಗಂಟು. ತಪಾಸಣೆಗೆ ಎಲ್ಲಿಗೂ ಕಳಿಸಿರಲಿಲ್ಲ. ಎರಡು ತಿಂಗಳು ಕೋರ್ಟಿನ ಮೂಲೆಯಲ್ಲಿ ಬಿದ್ದು ಎಲೆಯೆಲ್ಲ ಪುಡಿ. ಪುಂಡಿಯೋ ಗಾಂಜಾವೋ ಯಾರು ಹೇಳಬೇಕು? ಅತ್ತೆಯನ್ನು ಸಾಕ್ಷಿಗೆ ಕರೆದರು. ಅವಳು ಸೆರಗು ಬಿಗಿದುಕೊಂಡು, ಚಿಟಿಕೆ ಪುಡಿ ನಾಲಗೆಗೆ ಹಚ್ಚಿಕೊಂಡು, "ನಂದ ಪುಂಡಿ" ಎಂದಳು. ಸರಕಾರಿ ವಕೀಲರು ಬಿಡಲಿಲ್ಲ: "ಏನವ್ವಾ, ಇದರಿಂದ ನಿಶೆ ಏರುವುದಿಲ್ಲ ಎಂದು ನೀನು ಹೇಗೆ ಹೇಳುತ್ತೀ?"

ಅತ್ತೆ ಕೊಟ್ಟ ಉತ್ತರಕ್ಕೆ ನ್ಯಾಯಾಧೀಶರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು, ಅಬಕಾರಿ ಸಾಹೇಬರೂ ಮೂಗಿನಿಂದಲೇ ನಕ್ಕರು. ಆಮೇಲೆ ನ್ಯಾಯಾಧೀಶರು ಬರೆದದ್ದು ಎರಡೇ ಸಾಲು, ಆರೋಪಿಗಳಿಬ್ಬರೂ ಖುಲಾಸೆ. ಏಳನೆಯ ತಿಂಗಳಿಗೆ ಮಾವನೇ ಹೋಗಿ ಪದ್ಮಕ್ಕನನ್ನು ಕರೆತಂದ. ಆಗ ಹುಟ್ಟಿದ ಮಗಳು ಈಗ ಇಚಲಕರಂಜಿಯಲ್ಲಿ ಈ ಗಂಟಿಗಾಗಿ ಕಾಯುತ್ತಿರುತ್ತಾಳೆ. ಅವಳಿಗೂ ಅದೇ ಪಲ್ಲೆಯ ಹುಚ್ಚು.

ಆ ಖಟ್ಲೆಯ ಎಲ್ಲರನ್ನೂ ಇವತ್ತಿಗೂ ಅಣಕಿಸಬಲ್ಲೆ. ಮೂಗಿನ ಸಾಹೇಬರು, ವಕೀಲರ ಕೆಮ್ಮು, ಸಿಪಾಯಿಯ ಸಲಾಮು. ಅತ್ತೆಯ ದನಿಯನ್ನು ಮಾತ್ರ ತೆಗೆಯಲು ಹೋಗುವುದಿಲ್ಲ. ಪಕ್ಕದವರು ಕೇಳಿದರೆಂದು ಈಗಷ್ಟೇ ಮೋಟಾರಿನಲ್ಲಿ ಇದೆಲ್ಲ ಹೇಳಿ ಮುಗಿಸಿದೆ. ಅತ್ತೆಯ ಆ ಉತ್ತರವನ್ನು ಹೇಳಿದ್ದು ಕೋರ್ಟಿನಲ್ಲಿ ಸಿಕ್ಕ ನನ್ನ ಸಣ್ಣ ದನಿಯಲ್ಲೇ. ಅವಳು ಅಂದದ್ದು ಇಷ್ಟು:

"ಇಪ್ಪತ್ತೈದು ವರ್ಷಾತ್ರೀ, ನನ್ನ ಗಂಡ ಇದನ್ನ ಉಣ್ಣಾಕತ್ತಾನ. ನಿಶೆ ಏರೂದಿದ್ರ, ಒಂದ ದಿನಾರ ನನ್ನ ಅಡಿಗಿ ಛಲೋ ಆಗೇತಿ ಅಂತಿದ್ದ."