ಆ ಶನಿವಾರದ ಒಪ್ಪತ್ತು

ಹೋದ ಶನಿವಾರ ಬೆಳಿಗ್ಗೆ ಮಾಳಿಗೆಯ ಮೂಲೆ ಸೋರತೊಡಗಿತು. ಮುಚ್ಚಲು ಏನಾದರೂ ಸಿಗಬಹುದೆಂದು ಅಟ್ಟದ ಮೇಲೆ ಕೈಯಾಡಿಸಿದರೆ ಮಳೆಗೆ ಹೊದಿಸುವ ನೀಲಿ ತಾಡಪತ್ರಿ ಸಿಕ್ಕಿತು. ಬಿಚ್ಚಿದ ಕೂಡಲೇ ಮುಖಕ್ಕೆ ಬಡಿದ ಆ ವಾಸನೆ… ರಬ್ಬರು, ಹಳೆಯ ಮಳೆನೀರು, ಅದರೊಳಗೆಲ್ಲೋ ಎರೆಮಣ್ಣು. ಒಂದು ಮಡಿಕೆಯಲ್ಲಿ ಆ ಮಣ್ಣು ಇನ್ನೂ ಕರ್ರಗೆ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದರೂ ಬಿಡಲಿಲ್ಲ. ಏಣಿಯ ಮೇಲೆ ನಿಂತವಳು ನಿಂತೇ ಇದ್ದೆ. ಎದುರು ಮನೆಯ ಅಕ್ಕ ನೆನಪಾದರು.

ನಾವು ರಾಯಚೂರಿನ ಈ ಓಣಿಗೆ ಬಂದಾಗ ಅವರು ಆಗಲೇ ಎದುರು ಮನೆಯಲ್ಲಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನಿಜ ಹೇಳಬೇಕೆಂದರೆ ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರು ನನಗೆ ಕೆಟ್ಟದ್ದೇನೂ ಮಾಡಿದವರಲ್ಲ, ಕಷ್ಟ ಇದ್ದದ್ದೇ ಅಲ್ಲಿ. ಸ್ಕೂಟಿ ಹತ್ತಿ ಮಾರ್ಕೆಟ್ಟಿಗೆ ಹೊರಟರೆ, "ತಂಗಿ, ಏನರ ತರ್ಲೇನು?" ಎಂದು ಕೇಳಿಯೇ ಹೋಗುತ್ತಿದ್ದರು. ಹತ್ತು ನಿಮಿಷದಲ್ಲಿ ಹಾಕಿದ ಅವರ ರಂಗೋಲಿ, ನಾನು ಅರ್ಧ ತಾಸು ಸೊಂಟ ಬಗ್ಗಿಸಿ ಹಾಕಿದ್ದಕ್ಕಿಂತ ಚೆಂದ ಕಾಣುತ್ತಿತ್ತು. ಬದುಕಿರುವವರೆಗೆ ನನ್ನ ಸಾರಿನ ಬಗ್ಗೆ ಒಂದು ಒಳ್ಳೆ ಮಾತು ಆಡದ ನಮ್ಮ ಅತ್ತೆ, ಅವರ ಮನೆಯಿಂದ ಬಂದ ಬಟ್ಟಲನ್ನು ಬೆರಳಿನಿಂದ ಬಳಿದು ತಿನ್ನುತ್ತಿದ್ದರು. ನನ್ನ ಮಗಳು ಶಾಲೆಯಿಂದ ಬಂದರೆ ಚೀಲ ನಮ್ಮ ಮನೆಯಲ್ಲಿ, ಹುಡುಗಿ ಅವರ ಮನೆಯಲ್ಲಿ. ಅವರ ಅಂಗಳದ ದಾಸವಾಳ ದಿನಾ ನಮ್ಮ ದೇವರಿಗೆ ಬರುತ್ತಿತ್ತು. ಅವರದೇ ಗಿಡದ ಹೂ ಏರಿಸಿ, ಯಪ್ಪಾ, ಅವರಿಗಿಂತ ನನ್ನನ್ನು ಒಂದು ಕೈ ಮೇಲೆ ಇಡು ಎಂದು ಬೇಡಿಕೊಂಡವಳು ನಾನು.

ನನ್ನದು ಅಂತ ಒಂದಿತ್ತು, ಜೋಳದ ರೊಟ್ಟಿ. ನನ್ನ ತವರು ಮಾನ್ವಿ ತಾಲೂಕಿನ ಕಲ್ಲೂರು. ಅವ್ವ ಕಲಿಸಿದ ಕೈ. ಕಾಗದದಷ್ಟು ತೆಳ್ಳಗೆ ಬಡಿದು, ಒಣಗಿಸಿ, ಖಡಕ್ ಮಾಡಿ ಇಟ್ಟರೆ ಹದಿನೈದು ದಿನದ ಮೇಲೂ ಮುರಿದಾಗ ಕಟ್ಟೆನ್ನುತ್ತಿತ್ತು. ಅಕ್ಕ ಬಡಿದರೆ ಅಂಚು ಸೀಳುತ್ತಿತ್ತು. ದೇವರು ಇದೊಂದನ್ನಾದರೂ ನನಗೇ ಅಂತ ಇಟ್ಟಿದ್ದಾನೆ ಎಂದು ಅಂದುಕೊಳ್ಳುತ್ತಿದ್ದೆ.

ಏಳು ವರ್ಷದ ಹಿಂದೆ, ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ, ಅಕ್ಕ ಮೊಬೈಲಿನಲ್ಲಿ ನೋಡಿ ತಮ್ಮ ಮಗನಿಗೊಂದು ಹಳದಿ ಟೆಂಟು ತರಿಸಿದರು. "ಶನಿವಾರ, ಆಯ್ತವಾರ ಎರಡ ದಿನ ದೇವದುರ್ಗದ ಕಡಿ ನಮ್ಮ ತವರಮನಿ ಹೊಲದಾಗ ಟೆಂಟ್ ಹಾಕೋಣು. ಮುಂದ ಕೃಷ್ಣಾ ಹೊಳಿ, ಹಿಂದ ಹನುಮಪ್ಪನ ಗುಡಿ. ಎಲ್ಲಾರೂ ಬರ್ರಿ" ಎಂದರು. ಎರಡು ವರ್ಷದಿಂದ ಕಲ್ಲೂರಿಗೆ ಹೋಗೋಣ ಅಂದರೆ ರಜೆ ಇಲ್ಲ ಅನ್ನುತ್ತಿದ್ದ ನನ್ನ ಯಜಮಾನರು, ಚಹಾದ ಲೋಟ ಕೆಳಗಿಡುವ ಮೊದಲೇ "ಹೋಗೂಣು ನಡಿ" ಎಂದರು. ಶುಕ್ರವಾರ ಕೂತು ನಲವತ್ತು ರೊಟ್ಟಿ ಬಡಿದೆ.

ಶನಿವಾರ ಮುಂಜಾನೆ ಬಿಸಿಲು ಚೆನ್ನಾಗಿಯೇ ಇತ್ತು. ಅವರ ಕಾರಿನಲ್ಲಿ ಎರಡು ಮನೆಯವರು ಸೇರಿ ಆರು ಜನ ಹೋದೆವು. ಹತ್ತಿ ಹೊಲದ ಬದುವಿನ ಪಕ್ಕ ಟೆಂಟು ನಿಂತಾಗ ಮಕ್ಕಳು ಕುಣಿದದ್ದೇ ಕುಣಿದದ್ದು. ಅಕ್ಕ ಒಮ್ಮೆ ಆಕಾಶ ನೋಡಿ, "ತಂಗಿ, ರೊಟ್ಟಿ ಗಂಟು ಕಾರಿನ್ಯಾಗ ಇಡು" ಎಂದರು. ನನ್ನ ರೊಟ್ಟಿಯ ವಿಷಯದಲ್ಲೂ ಇವರ ಮಾತೇ ನಡೆಯಬೇಕೇ ಅನ್ನಿಸಿತು. "ಇರ್ಲಿ ಬಿಡ್ರಿ ಅಕ್ಕಾರ, ನನ್ನ ರೊಟ್ಟಿಗೇನೂ ಆಗಂಗಿಲ್ಲ" ಎಂದು ಎಲ್ಲರಿಗೂ ಕಾಣುವಂತೆ ಟೆಂಟಿನ ಬಾಗಿಲಲ್ಲೇ ಇಟ್ಟೆ.

ಇನ್ನೂ ಊಟಕ್ಕೆ ಕೂತಿರಲಿಲ್ಲ, ಮೂರು ಗಂಟೆಗೆ ಹೊಳೆಯ ಆಚೆಯಿಂದ ಮಳೆ ಬಂತು. ಎರೆಭೂಮಿ ನೆನೆದರೆ ಗೊತ್ತಲ್ಲ, ಟೆಂಟಿನ ಗೂಟಗಳು ಬೆಣ್ಣೆಗೆ ಚುಚ್ಚಿದ ಕಡ್ಡಿಯ ಹಾಗೆ ಒಂದೊಂದೇ ಎದ್ದು ಬಂದವು. ನಮ್ಮ ಕಣ್ಣೆದುರೇ ಟೆಂಟು ಮಲಗಿತು. ಕಾರಿನ ಗಾಲಿ ಅರ್ಧ ಹೂತಿತ್ತು. ಅಕ್ಕ ಡಿಕ್ಕಿಯಿಂದ ಈ ತಾಡಪತ್ರಿ ಎಳೆದು ಎಲ್ಲರ ತಲೆಯ ಮೇಲೆ ಹಿಡಿದರು. ಅದರ ಕೆಳಗೆ ಆರು ಜನ ಒಬ್ಬರನ್ನೊಬ್ಬರು ಹಿಡಿದುಕೊಂಡು, ಜಾರುತ್ತ, ಹನುಮಪ್ಪನ ಗುಡಿ ಸೇರಿದೆವು.

ರೊಟ್ಟಿ ಗಂಟನ್ನು ಯಜಮಾನರು ಆಮೇಲೆ ತಂದರು. ನೀರು ತೊಟ್ಟಿಕ್ಕುತ್ತಿತ್ತು. ಬಿಚ್ಚಿದರೆ ನಲವತ್ತು ರೊಟ್ಟಿ ಒದ್ದೆ ಅರಿವೆಯ ಹಾಗೆ ಒಂದಕ್ಕೊಂದು ಅಂಟಿ ಕೂತಿದ್ದವು. ಅಕ್ಕ ನೋಡಿ ನಕ್ಕರು. "ಮಳಿರಾಯನೂ ನಮ್ಮ ತಂಗಿ ರೊಟ್ಟಿ ರುಚಿ ನೋಡಾಕ ಬಂದಾನ ನೋಡ್ರಿ!" ಎಲ್ಲರೂ ನಕ್ಕರು. ನನ್ನ ಮಗಳೂ ನಕ್ಕಳು.

ನಗುತ್ತಲೇ ಅವರು ಗುಡಿಯ ಪೌಳಿಯ ಸೂರಿನಡಿ, ಕಾರಿನಿಂದ ತರಿಸಿದ ಸಣ್ಣ ಗ್ಯಾಸ್ ಒಲೆ ಹಚ್ಚಿದರು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಶೇಂಗಾ, ಕರಿಬೇವು ಒಗ್ಗರಣೆಗೆ ಬಿತ್ತು. ನನ್ನ ರೊಟ್ಟಿಗಳನ್ನು ಹಿಂಡಿ, ಚೂರು ಮಾಡಿ ಹಾಕಿ, ಮೇಲೆ ನಿಂಬೆಹಣ್ಣು ಹಿಂಡಿದರು. ಗುಡಿಯೆಲ್ಲ ಘಮ್ಮೆಂದಿತು. ಊಟದಲ್ಲಿ ಬಾಯಿ ಬಿಡದ ನನ್ನ ಯಜಮಾನರು ತಟ್ಟೆ ಮುಂದೆ ಚಾಚಿ, "ಇನ್ನೊಂದಿಷ್ಟು ಹಾಕ್ರಿ ಅಕ್ಕಾರ, ಇಂಥಾದ್ದು ತಿಂದೇ ಇಲ್ಲ" ಎಂದರು. ರೊಟ್ಟಿ ನನ್ನದು, ಹೆಸರು ಅವರದು… ನನ್ನ ಎದೆ ಆ ಒಲೆಗಿಂತ ಜೋರಾಗಿ ಉರಿಯುತ್ತಿತ್ತು.

"ತಂಗಿ, ಪ್ಲೇಟ್ ಹಿಡಿ."

"ನನಗ ಬ್ಯಾಡ್ರಿ. ಇವತ್ತ ಶನಿವಾರ, ನಂದು ಒಪ್ಪತ್ತು."

ಒಪ್ಪತ್ತು ಅಂದರೆ ಹನುಮಪ್ಪನ ಹೆಸರಿನಲ್ಲಿ ದಿನಕ್ಕೆ ಒಂದೇ ಹೊತ್ತು ಊಟ. ನಾನು ಸೋಮವಾರ ಮಾಡುವವಳು. ಶನಿವಾರ ಎಂದೂ ಹಿಡಿದವಳಲ್ಲ. ಯಜಮಾನರು ತುತ್ತು ನುಂಗದೆ ನನ್ನ ಮುಖ ನೋಡಿದರು. ಮಗಳು ಸುಮ್ಮನಿರಲಿಲ್ಲ. "ಅವ್ವಾ, ಮುಂಜಾನಿ ಉಪ್ಪಿಟ್ಟು ತಿಂದಿ, ಮತ್ತ ಕಾರಿನ್ಯಾಗ ಚುರುಮುರಿ ತಿಂದಿ!"

ಒಳಗೆ ಸಿಂಧೂರದ ಹನುಮಪ್ಪ ಕಣ್ಣು ಬಿಟ್ಟುಕೊಂಡು ನಿಂತಿದ್ದ. ಅವನ ಹೆಸರಿನಲ್ಲಿ, ಅವನ ವಾರದಂದು, ಅವನ ಹೊಸ್ತಿಲಲ್ಲಿ ಕೂತು ಆಡಿದ ಸುಳ್ಳು. ನೆಲ ಬಿರಿಯಬಾರದೇ ಅನ್ನಿಸಿತು.

ಅಕ್ಕನೇ ಕೈ ಹಿಡಿದರು. "ಏ ಹುಚ್ಚವ್ವಾ, ಒಪ್ಪತ್ತು ಅಂದ್ರ ಅದ ಅಲ್ಲೇನು? ಮುಂಜಾನಿ ತಿಂದ್ರ ಸಂಜೀಕ ಇಲ್ಲ. ನೀ ಸುಮ್ಕ ಉಣ್ಣು" ಎಂದು ಮಗಳ ತಲೆಗೆ ಮೊಟಕಿ ಎದ್ದರು. "ಹಾಲು, ಬಾಳಿಹಣ್ಣು ನಡೀತದಲ್ಲ ತಂಗಿ?"

"ಏಯ್, ಈ ಮಳ್ಯಾಗ ಎಲ್ಲಿಗಿ ಹೊಂಟಿ?" ಎಂದು ಅವರ ಯಜಮಾನರು ಗದರಿದರು.

"ಊರು ಇಲ್ಲೇ ಅದ. ದೇವರ ಹೆಸರ್ಲೆ ಹಸದು ಕುಂತಾಳ, ಹಂಗ ಬಿಡಾಕ ಬರ್ತದೇನು?"

ಬೇಡ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ತಾಡಪತ್ರಿ ಹೊದ್ದು ಅವರು ಮಳೆಯೊಳಗೆ ಇಳಿದದ್ದನ್ನು ನೋಡುತ್ತ ಕೂತೆ.

"ಇದ್ಯಾವ ಹೊಸಾ ವ್ರತ?" ಎಂದು ಯಜಮಾನರು ಪಿಸುಗುಟ್ಟಿದರು.

"ಸುಮ್ನ ಉಣ್ರಿ."

ಅರ್ಧ ತಾಸಿಗೆ ಬಂದರು. ಚಪ್ಪಲಿ ಮಣ್ಣು ನುಂಗಿತ್ತು. ಮೊಣಕಾಲಿನವರೆಗೆ ಕೆಸರು, ಹೆಬ್ಬೆರಳಿನಿಂದ ರಕ್ತ. ಸೆರಗಿನೊಳಗಿನಿಂದ ಒಂದು ಚರಿಗೆ ಹಾಲು, ನಾಲ್ಕು ಬಾಳೆಹಣ್ಣು ತೆಗೆದರು. "ಇನ್ನಾ ಬಿಸಿ ಅದ, ಕುಡಿ." ಕುಡಿದೆ. ಹನುಮಪ್ಪನಿಗೆ ಬೆನ್ನು ಮಾಡಿ ಕೂತು ಚರಿಗೆ ಖಾಲಿ ಮಾಡಿದೆ.

ಮರುದಿನ ಊರಿನವರು ಟ್ರ್ಯಾಕ್ಟರ್ ತಂದು ಕಾರು ಎಳೆದುಕೊಟ್ಟರು. ಮನೆಗೆ ಬಂದು ದೇವರಿಗೆ ದೀಪ ಹಚ್ಚಿ, ನಮಗಾದ ಒಳಿತನ್ನೆಲ್ಲ ಲೆಕ್ಕ ಹಾಕಿದೆ. ಗುಡಿಯ ಬಾಗಿಲು ತೆರೆದಿತ್ತು. ಮಕ್ಕಳಿಗೆ ನೆಗಡಿಯೂ ಆಗಲಿಲ್ಲ. ಸಿಡಿಲು ದೂರ ಬಿತ್ತು. ಎಲ್ಲ ಸರಿ, ಆ ಸುಳ್ಳೊಂದು ಹಾಗೇ ಉಳಿದಿತ್ತು. ಅಕ್ಕನಿಗೆ ಹೇಳಿ ತಪ್ಪಾಯಿತು ಅನ್ನಲು ನಾಲಗೆ ಏಳಲಿಲ್ಲ. ಸುಳ್ಳನ್ನೇ ನಿಜ ಮಾಡುವುದೊಂದೇ ದಾರಿ ಎಂದು ಮುಂದಿನ ಶನಿವಾರದಿಂದ ಒಪ್ಪತ್ತು ಹಿಡಿದೆ.

ಅಲ್ಲಿಯೂ ಅಕ್ಕ ಬಿಡಲಿಲ್ಲ. ಪ್ರತಿ ಶನಿವಾರ ಸಂಜೆ ಒಂದು ಲೋಟ ಹಾಲು, ಎರಡು ಬಾಳೆಹಣ್ಣು ಎದುರು ಮನೆಯಿಂದ ಬರುತ್ತಿತ್ತು. ನನ್ನ ಪ್ರಾಯಶ್ಚಿತ್ತಕ್ಕೂ ಇವರೇ ಹಾಲು ಕೊಡಬೇಕೇ ಎಂದು ಆಗಲೂ ಒಳಗೆ ಚುರುಕ್ಕೆನ್ನುತ್ತಿತ್ತು. ಸುಳ್ಳು ಹೇಳುವುದಿಲ್ಲ.

ಮೂರು ವರ್ಷದ ಹಿಂದೆ ಅವರ ಯಜಮಾನರಿಗೆ ಕಲಬುರಗಿಗೆ ವರ್ಗವಾಯಿತು. ಸಾಮಾನು ತುಂಬುವಾಗ ಅಕ್ಕ ತಾಡಪತ್ರಿ ತಂದು ಕೈಗಿಟ್ಟರು. "ಸಂಡಿಗಿ ಒಣಗ್ಸಾಕ ಆಗ್ತದ, ಇಟಗೋ." ಆಮೇಲೆ ನನ್ನ ಮುಖವನ್ನೇ ನೋಡಿ, "ಶನಿವಾರ ಬಿಟ್ಟಿಲ್ಲಲ್ಲ?" ಎಂದರು.

"ಇಲ್ರಿ."

"ಹನುಮಪ್ಪ ಶಾಣ್ಯಾ ಇದ್ದಾನ. ಹೆಂಗ ಹಿಡಕೊಂಡಾನ ನೋಡು ನಿನ್ನ!" ಎಂದು ನಕ್ಕರು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು… ಗೊತ್ತಿದ್ದೇ ಮಳೆಯಲ್ಲಿ ಹೋಗಿದ್ದರು. ಈಗಲಾದರೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಲಾರಿಯವನು ಹಾರ್ನ್ ಹೊಡೆದ. ಮುಂದಿನ ಸಲ ಬಂದಾಗ ಹೇಳಿದರಾಯಿತು ಎಂದುಕೊಂಡೆ.

ಆ ಮುಂದಿನ ಸಲ ಬರಲಿಲ್ಲ. ಮರುವರ್ಷ ಒಂದು ಮಧ್ಯಾಹ್ನ ಅವರ ಯಜಮಾನರ ಫೋನ್ ಬಂತು. ಜ್ವರ ಅಂತ ಆಸ್ಪತ್ರೆಗೆ ಹೋದ ಅಕ್ಕ ನಾಲ್ಕು ದಿನಕ್ಕೆ… ತಾಡಪತ್ರಿಯನ್ನು ಅಟ್ಟಕ್ಕೆ ಹಾಕಿದೆ. ಅದರ ಮೇಲೆ ಒಂದು ದಿನವೂ ಸಂಡಿಗೆ ಹರವಲಿಲ್ಲ.

ಹೋದ ಶನಿವಾರ ಸೋರುವ ಮೂಲೆಗೆ ಅದನ್ನು ಹೊದಿಸಿ ಕೆಳಗಿಳಿದೆ. ನಾಲ್ಕು ಖಡಕ್ ರೊಟ್ಟಿ ತೆಗೆದು ನೀರಿನಲ್ಲಿ ನೆನೆಸಿದೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಶೇಂಗಾ, ಕರಿಬೇವು, ನಿಂಬೆಹಣ್ಣು. ಅಂದಿನ ನನ್ನ ಒಂದು ಹೊತ್ತಿನ ಊಟ ಅದೇ ಇರಲಿ ಎಂದು ಮಧ್ಯಾಹ್ನ ಮೂವರಿಗೂ ಬಡಿಸಿ ನಾನೂ ಕೂತೆ. ಯಜಮಾನರು ಒಂದು ತುತ್ತು ತಿಂದು ನಿಧಾನ ಅಗಿದರು.

"ಚಲೋ ಆಗೇದ. ಆದ್ರ ಅವ್ರು ಮಾಡಿದಂಗ ಆಗಿಲ್ಲ."

ಎದೆಯೊಳಗೆ ಹಳೆಯ ಉರಿ ಚುರುಕ್ಕೆಂದಿತು. ಆಗಿದೆಯೋ ಇಲ್ಲವೋ ನೋಡಿಯೇ ಬಿಡೋಣವೆಂದು ಒಂದು ತುತ್ತು ಬಾಯಿಗಿಟ್ಟೆ. ಆಮೇಲೆ ನೆನಪಾಯಿತು. ಅವರು ಮಾಡಿದ್ದನ್ನು ನಾನು ತಿಂದೇ ಇರಲಿಲ್ಲ.